ದೋಣಿಯ ತಳವನ್ನು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ದೋಣಿವಿಹಾರದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಜೊತೆಗಿರುವ ಚಿತ್ರದಲ್ಲಿ ಹೊಸ ಬಣ್ಣ ಕಾಣುತ್ತದೆ, ಲೈಫ್ ಜಾಕೆಟ್ ತೊಟ್ಟು ನಗುವ ಗಣ್ಯರು ಕಾಣುತ್ತಾರೆ. ನೀರಿನ ಕೆಳಗಿರುವ ಭಾಗದ ಗೊಡವೆ ಯಾರಿಗೂ ಇಲ್ಲ. ನಾನು ಸಾಗರದಲ್ಲಿ ವೆಲ್ಡಿಂಗ್ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಗೇಟು, ಟ್ರೇಲರ್, ಅಡಿಕೆ ಒಲೆಗಳ ನಡುವೆ ಆಗೊಮ್ಮೆ ಈಗೊಮ್ಮೆ ದೋಣಿಯ ತಳದ ಕೆಲಸವೂ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಖಾಸಗಿ ದೋಣಿಯೊಂದರ ಮಾಲೀಕರು ಕರೆಸಿದ್ದರು. ತಳದಲ್ಲಿ ಕಿರುಬೆರಳು ಹೋಗುವಷ್ಟು ತೂತು. ‘ಪಾಚಿ ಇದ್ದರೆ ಇರಲಿ ಮಾರಾಯರೇ, ಅದೊಂದು ಮುಚ್ಚಿಕೊಡಿ ಸಾಕು’ ಎಂದರು. ಕೆರೆಯದೆ ವೆಲ್ಡಿಂಗ್ ಹಿಡಿಯುವುದಿಲ್ಲ ಎಂದು ನಾನೂ ಹಟ ಹಿಡಿದೆ. ಲೋಳೆ ತೆಗೆದು ನೋಡಿದರೆ ತೂತಿನ ಸುತ್ತ ಸಿಡುಬಿನ ಕಲೆಗಳಂತೆ ತುಕ್ಕಿನ ಗುಳಿಗಳು. ಪಾಚಿಯ ಅಡಿಯಲ್ಲಿ ಗಾಳಿಯಾಡದ ಕಡೆ ತುಕ್ಕು ಹರಡುವುದಕ್ಕಿಂತ ಹೆಚ್ಚಾಗಿ ಆಳಕ್ಕೆ ಇಳಿಯುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ತಗಡು ‘ಟಣ್’ ಎನ್ನಬೇಕು. ಅಲ್ಲಿ ‘ದಬ್’ ಎನ್ನುತ್ತಿತ್ತು. ಅಂಥ ತಗಡಿಗೆ ನೇರವಾಗಿ ಶಾಖ ಕೊಟ್ಟಿದ್ದರೆ ತೂತು ಮುಚ್ಚುವ ಬದಲು ಅಂಗೈಯಗಲ ಆಗುತ್ತಿತ್ತು. ಕೊನೆಗೆ ಆ ಭಾಗವನ್ನೇ ಕತ್ತರಿಸಿ ಹೊಸ ತಗಡು ಕೂರಿಸಿದೆವು. ಬಿಲ್ಲು ಕೊಡುವಾಗ ಮಾಲೀಕರ ಮುಖ ಗಂಟಿಕ್ಕಿತ್ತು. ಅದು ಬೇರೆ ಮಾತು.

ನಮ್ಮ ಕಡೆ ಬೇರೂರಿರುವ ನಂಬಿಕೆಯೆಂದರೆ, ಸಿಹಿನೀರಿನ ದೋಣಿಗೆ ಇದೆಲ್ಲ ಬೇಕಿಲ್ಲ ಎಂಬುದು. ಮಲ್ಪೆಯಲ್ಲಿ ದೋಣಿ ರಿಪೇರಿ ಮಾಡುವ ನನ್ನ ಭಾವನೂ ‘ನಿಮ್ಮಲ್ಲಿ ಬಾರ್ನಕಲ್ ಎಲ್ಲಿದೆ?’ ಎಂದು ನಗುತ್ತಾನೆ. ಮರವಾಗಲಿ ಕಬ್ಬಿಣವಾಗಲಿ ಸಿಮೆಂಟು ಹಾಕಿದಂತೆ ಕಚ್ಚಿಕೊಳ್ಳುವ ಆ ಸಮುದ್ರದ ಚಿಪ್ಪಿನ ಜೀವಿ ನಮ್ಮ ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ಇಲ್ಲ, ನಿಜ. ಆದರೆ ಕರಾವಳಿಯವರಿಗೆ ಒಂದು ಅನುಕೂಲವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಬಿಡುವಿನಲ್ಲಿ ದೋಣಿಗಳನ್ನು ದಡಕ್ಕೆಳೆದು ಕೆರೆದು, ನೋಡಿ, ಬಣ್ಣ ಬಳಿಯುತ್ತಾರೆ. ನಮ್ಮಲ್ಲಿ ಅಂಥ ರೂಢಿ ಬೆಳೆಯಲೇ ಇಲ್ಲ.

ನಮ್ಮ ನೀರಿಗೆ ಇನ್ನೊಂದು ಅಪಾಯವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳ ಜೊತೆ ಕಾಡೂ ಮುಳುಗಿತು. ಆ ಮರಗಳ ಬೊಡ್ಡೆಗಳು ಇಂದಿಗೂ ನಿಂತೇ ಇವೆ. ಜಲಾಶಯ 1819 ಅಡಿಗೆ ತುಂಬಿದಾಗ ದೋಣಿ ಅವುಗಳ ತಲೆಯ ಮೇಲೆ ನಿಶ್ಚಿಂತೆಯಿಂದ ಹೋಗುತ್ತದೆ. ಕಡುಬೇಸಿಗೆಯಲ್ಲಿ ಬೊಡ್ಡೆ ಹೊರಗೆ ಕಾಣುವುದರಿಂದ ಚಾಲಕ ತಪ್ಪಿಸುತ್ತಾನೆ. ಕೆಟ್ಟ ಕಾಲವೆಂದರೆ ಇವೆರಡರ ನಡುವಿನ ತಿಂಗಳುಗಳು. ಬೊಡ್ಡೆಯ ತುದಿ ಮೇಲೆ ಕಾಣದೆ, ತಳಕ್ಕೆ ಸರಿಯಾಗಿ ತಾಗುವ ಮಟ್ಟದಲ್ಲಿ ಇರುತ್ತದೆ. ‘ಸ್ವಲ್ಪ ತಾಗಿತು’ ಎಂದು ಚಾಲಕ ಅಲ್ಲಿಗೇ ಮರೆಯುತ್ತಾನೆ. ಕಬ್ಬಿಣವಾದರೆ ಬಣ್ಣ ಹೋಗಿ ತುಕ್ಕಿಗೆ ದಾರಿಯಾಯಿತು. ಫೈಬರ್ ದೋಣಿಯಾದರೆ ಮೇಲಿನ ಪದರ ಸೀಳಿ ಒಳಗೆ ನೀರು ಹೀರಿಕೊಳ್ಳುತ್ತದೆ.

ಹಾಗಾಗಿ ನೀರು ಇಳಿಯುವ ಆ ತಿಂಗಳುಗಳಲ್ಲಿ ಮುಳುಗುಗಾರರನ್ನು ಇಳಿಸಿ ದೋಣಿಯ ತಳವನ್ನು ಆಗಾಗ ನೋಡಿಸಬೇಕು. ಒರೆಸುವುದು, ನೋಡುವುದು ಎರಡೂ ಒಂದೇ ಸಲಕ್ಕೆ ಆಗುತ್ತದೆ. ಒರೆಸದೆ ನೋಡುವುದಂತೂ ಸಾಧ್ಯವೇ ಇಲ್ಲ. ಎಳೆಯ ಲೋಳೆ ಬಟ್ಟೆಗೆ, ಮೆತ್ತನೆಯ ಬ್ರಷ್ಷಿಗೆ ಬರುತ್ತದೆ. ಬಲಿಯಲು ಬಿಟ್ಟರೆ ಕೆರೆಯುವ ಉಳಿಯೇ ಬೇಕು, ಆಗ ಪಾಚಿಯ ಜೊತೆ ಬಣ್ಣವೂ ಹೋಗುತ್ತದೆ. ಬೆಸುಗೆಯ ಗೆರೆಗಳು, ಚುಕ್ಕಾಣಿಯ ಕೀಲು, ಪ್ರೊಪೆಲ್ಲರಿನ ಅಂಚು, ಅದರ ದಂಡಕ್ಕೆ ಸುತ್ತಿಕೊಂಡ ಬಲೆಯ ದಾರ, ಎಂಜಿನ್ ತಣಿಸಲು ನೀರೆಳೆಯುವ ಜಾಲರಿ, ಇಷ್ಟನ್ನೂ ಕೈಯಿಂದ ಮುಟ್ಟಿ ನೋಡಬೇಕು. ಜಾಲರಿ ಕಟ್ಟಿದರೆ ಎಂಜಿನ್ ಕಾದು ನಡುನೀರಿನಲ್ಲಿ ನಿಲ್ಲುತ್ತದೆ. ಕೆಳಗೆ ಮನುಷ್ಯನಿರುವಾಗ ಎಂಜಿನ್ನಿನ ಕೀಲಿ ಅವನ ಜೊತೆಗಾರನ ಜೇಬಿನಲ್ಲೇ ಇರಬೇಕೆಂದು ಬೇರೆ ಹೇಳಬೇಕೆ?

ಡೀಸೆಲ್ ಉಳಿತಾಯದ ಮಾತೂ ಇದೆ. ಅರ್ಧ ಮಿಲಿಮೀಟರ್ ದಪ್ಪದ ಲೋಳೆ ಹಡಗಿನ ತಳದ ಅರ್ಧಭಾಗಕ್ಕೆ ಹತ್ತಿದರೂ ಹಸಿರುಮನೆ ಅನಿಲಗಳ ಹೊರಸೂಸುವಿಕೆ ಶೇ 25ರಿಂದ 30ರಷ್ಟು ಹೆಚ್ಚಬಹುದು ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಯೋಜನೆಯೊಂದರ ವರದಿ ಹೇಳಿದೆ. ಅದು ದೊಡ್ಡ ಹಡಗುಗಳ ಲೆಕ್ಕ. ಜನರನ್ನು ನಿಧಾನವಾಗಿ ಹಿನ್ನೀರು ದಾಟಿಸುವ ನಮ್ಮ ಲಾಂಚಿಗೆ ಅದನ್ನು ಹಾಗೇ ಹಚ್ಚುವುದು ತಪ್ಪು. ನನಗಂತೂ ತಗಡಿನ ಚಿಂತೆಯೇ ದೊಡ್ಡದು.

ಕರಾವಳಿಯದನ್ನೆಲ್ಲ ಕಣ್ಣುಮುಚ್ಚಿ ತರುವುದೂ ಬೇಡ. ಚಿಪ್ಪಿನ ಜೀವಿಗಳನ್ನು ಕೊಲ್ಲುವ ತಾಮ್ರದ ವಿಷವಿರುವ ಬಣ್ಣವನ್ನು ಅಲ್ಲಿ ಬಳಿಯುತ್ತಾರೆ. ಆ ಜೀವಿಯೇ ಇಲ್ಲದ ನಮ್ಮ ನೀರಿಗೆ ಅದೇಕೆ? ಗಾಜನೂರು ಅಣೆಕಟ್ಟಿನ ತುಂಗಾ ನೀರನ್ನು ಶಿವಮೊಗ್ಗ ನಗರ ಕುಡಿಯುತ್ತದೆ. ಒಳ್ಳೆಯ ಎಪಾಕ್ಸಿ ಬಣ್ಣ ಸಾಕು. ತುಕ್ಕು ತಡೆಯಲು ಸಮುದ್ರದ ದೋಣಿಗೆ ಕಟ್ಟುವ ಸತುವಿನ ತುಂಡೂ ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಇಲ್ಲಿಗೆ ಮೆಗ್ನೀಸಿಯಂ ತುಂಡು ಬೇಕು. ಅಂಗಡಿಯವರು ಕೊಟ್ಟದ್ದನ್ನು ಕಟ್ಟಿ ಸುಮ್ಮನಾಗುವವರನ್ನು ಕಂಡಿದ್ದೇನೆ. ಒಂದು ಜಲಾಶಯದ ದೋಣಿಯನ್ನು ಇನ್ನೊಂದಕ್ಕೆ ಸಾಗಿಸುವುದಾದರೆ ಮಾತ್ರ ದಡದ ಮೇಲೆಯೇ ಪೂರ್ತಿ ತೊಳೆದು ಒಣಗಿಸಬೇಕು. ನೀರಿನ ಮೇಲೆ ತೇಲುವ ಕಳೆಯಾದ ಅಂತರಗಂಗೆಯ ಒಂದು ಪುಟ್ಟ ಗಿಡ ಸಾಕು, ಹೊಸ ಕಡೆ ಸಂಸಾರ ಹೂಡುತ್ತದೆ.

ಕಾನೂನಿಲ್ಲ ಎನ್ನುವಂತಿಲ್ಲ. 1917ರ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಯಂತ್ರಚಾಲಿತ ದೋಣಿಗಳ ಸರ್ವೆಗೂ, ಅಂದರೆ ತಪಾಸಣೆಗೂ, ನೋಂದಣಿಗೂ ಅವಕಾಶವಿದೆ. ಆದರೆ ಸರ್ವೆ ಮುಗಿದ ಮರುವಾರವೇ ಬೊಡ್ಡೆ ತಾಗಬಹುದು. ಸರ್ವೆಯ ಕಾಗದ ಕಚೇರಿಯ ಕಪಾಟಿನಲ್ಲಿರುತ್ತದೆ, ದೋಣಿ ಹತ್ತುವವನಿಗೆ ಅದು ಕಾಣುವುದಿಲ್ಲ.

ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚ್ ಎಂಬುದು ಹಳೆಯ ಕಥೆ ಎಂಬ ಭಾವನೆ ಬಂದಂತಿದೆ. ಶರಾವತಿ ಹಿನ್ನೀರು ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರವಾಸಿಗರು ದೋಣಿ ಹತ್ತುವ ತಾಣಗಳು ಜಿಲ್ಲೆಯಲ್ಲಿ ಬೇರೆಯೂ ಇವೆ. ಜಿಲ್ಲಾಡಳಿತ ಮಾಡಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ದಕ್ಕೆಯಲ್ಲಿ ಟಿಕೆಟ್ ದರದ ಫಲಕದ ಪಕ್ಕದಲ್ಲೇ ಇನ್ನೊಂದು ಫಲಕವಿರಲಿ. ದೋಣಿಯ ತಳವನ್ನು ಕೊನೆಯ ಬಾರಿ ನೋಡಿದ ದಿನಾಂಕ, ನೋಡಿದವರ ಹುದ್ದೆ, ತಗಡು ಅತಿ ತೆಳುವಾಗಿರುವ ಕಡೆ ಎಷ್ಟು ಮಿಲಿಮೀಟರ್ ಉಳಿದಿದೆ, ಇವು ಮೂರನ್ನು ಅದರಲ್ಲಿ ಬರೆಸಲಿ. ಅಲ್ಟ್ರಾಸಾನಿಕ್ ಉಪಕರಣ ಹಿಡಿದರೆ ತಗಡಿನ ದಪ್ಪ ನಿಮಿಷದಲ್ಲಿ ಗೊತ್ತಾಗುತ್ತದೆ, ತೂತು ಕೊರೆಯಬೇಕಿಲ್ಲ.

— ವೆಲ್ಡಿಂಗ್ ವರ್ಕ್‌ಶಾಪ್ ಮಾಲೀಕ, ಸಾಗರ