ವಲ್ಕನ್: ಐತಿ, ಇಲ್ಲ

ಪ್ರಿಯ ಗುರ್ಯಾ,

ಸ್ಟಾರ್ ಟ್ರೆಕ್ ಸೀರಿಯಲ್‌ನ ಸ್ಪಾಕ್‌ನ ಗ್ರಹ, ನಮ್ಮ ವಲ್ಕನ್, ಇಲ್ಲವಂತೆ. ಈ ಸುದ್ದಿಯನ್ನು ನಿನಗೆ ನಾನೇ ಹೇಳಬೇಕು ಅಂತ ಇಷ್ಟು ದಿನ ಇಟ್ಟುಕೊಂಡಿದ್ದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ ಆ ಹಸಿರು ಬಕೆಟ್ ವಿಷಯ ತೆಗೆಯುತ್ತೀಯ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಅದೂ ನಾಲ್ಕು ಮಂದಿಯ ಎದುರಿಗೆ. ನಮ್ಮಂಥವರು ಇನ್ನೂ ಕೆಲವರು ಇರಬಹುದು, ಅವರೂ ಓದಲಿ.

ನಮ್ಮ ಐತಿ-ಇಲ್ಲ ಆಟವನ್ನು ನಾನು ಪುಣೆಯಲ್ಲೂ ಬಿಟ್ಟಿಲ್ಲ. ಈಗ ನನ್ನ ಎದುರು ಆಡುವವಳು ಮಗಳು. ಸೀರಿಯಲ್‌ನಲ್ಲಿ ಯಾರಾದರೂ ನಕ್ಷತ್ರದ ಹೆಸರು ಹೇಳಿದ ಕೂಡಲೇ, ಅದು ನಿಜಕ್ಕೂ ಇದ್ದರೆ ಐತಿ, ಇಲ್ಲದಿದ್ದರೆ ಇಲ್ಲ ಅಂತ ಕೂಗಬೇಕು. ಸ್ಟಾರ್ ಟ್ರೆಕ್‌ನಲ್ಲಿ ದೊಡ್ಡ ಯುದ್ಧ ನಡೆಯುವ ವೂಲ್ಫ್ 359? ಐತಿ! ಸಿಂಹ ರಾಶಿಯ ಕಡೆ, ನಮ್ಮಿಂದ 7.9 ಜ್ಯೋತಿರ್ವರ್ಷ ದೂರ. ನಮ್ಮ ಅತಿ ಹತ್ತಿರದ ನೆರೆಯವರಲ್ಲಿ ಒಂದು. ಆದರೂ ಎಷ್ಟು ಮಂಕು ಅಂದರೆ ಬೈನಾಕ್ಯುಲರ್‌ಗೂ ಸಿಗುವುದಿಲ್ಲ. ಇದನ್ನು ಕೇಳಿ ಮಗಳಿಗೆ ಬೇಜಾರಾಯಿತು. ನನಗೆ ಇಷ್ಟವಾಗುವುದೇ ಇಂಥ ಜಾಗ. ಬರೆದವರು ಸುಮ್ನೆ ಒಂದು ಹೆಸರು ಕಟ್ಟಬಹುದಿತ್ತು. ಕಟ್ಟಲಿಲ್ಲ. ಪಟ್ಟಿ ತೆಗೆದು, ಹುಡುಕಿ, ನಿಜವಾದ ಒಂದು ಮಂಕು ಕೆಂಪು ನಕ್ಷತ್ರವನ್ನು ಆರಿಸಿಕೊಂಡರು.

ಎಕ್ಸ್‌ಪಾನ್ಸ್ ಸೀರಿಯಲ್ ನೀನು ಇನ್ನೂ ನೋಡಿಲ್ಲ ಅಂದರೆ ಮೊದಲು ನೋಡು. ಅದರಲ್ಲಿ ಸಿರಿಸ್ ಅನ್ನುವ ಕುಬ್ಜ ಗ್ರಹವನ್ನು ಬುಗುರಿಯಂತೆ ತಿರುಗಿಸಿ, ಒಳಗೆ ಮನುಷ್ಯರು ಊರು ಕಟ್ಟಿದ್ದಾರೆ. ಅಲ್ಲಿ ಗ್ಲಾಸಿಗೆ ಸುರಿದ ಮದ್ಯ ನೇರ ಬೀಳದೆ ಪಕ್ಕಕ್ಕೆ ಬಾಗುತ್ತದೆ. ತಿರುಗುವ ಜಾಗದಲ್ಲಿ ಆಗುವ ಈ ಬಾಗುವಿಕೆಯೇ ಕೋರಿಯಾಲಿಸ್! ನಾನು ಅಲ್ಲೇ ನಿಲ್ಲಿಸಿ ಮತ್ತೆ ಹಾಕಿ ನೋಡಿದೆ. ಆದರೆ ನಿಜವಾದ ಸಿರಿಸ್‌ನ ಗುರುತ್ವ ಭೂಮಿಯ ಶೇಕಡಾ 3ರಷ್ಟೂ ಇಲ್ಲ. ಅಷ್ಟು ಜೋರಾಗಿ ತಿರುಗಿಸಿದರೆ ಅದು ತನ್ನನ್ನು ತಾನು ಹಿಡಿದಿಟ್ಟುಕೊಳ್ಳಲಾರದು, ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ. ಹಾಗಾಗಿ ಅರ್ಧ ಐತಿ. ತ್ರೀ ಬಾಡಿ ಪ್ರಾಬ್ಲಮ್ ಸೀರಿಯಲ್‌ನಲ್ಲೂ ಹಾಗೇ. ಮೂರು ಸೂರ್ಯರ, ಅಂದರೆ ಆಲ್ಫಾ ಸೆಂಟಾರಿಯ ಮೂರು ನಕ್ಷತ್ರಗಳ, ನಡುವೆ ಸಿಕ್ಕಿ ಒದ್ದಾಡುವ ಗ್ರಹ ಅದರಲ್ಲಿದೆ. ನಿಜವಾದ ಆಲ್ಫಾ ಸೆಂಟಾರಿಯಲ್ಲಿ ಅಂಥ ಗದ್ದಲವಿಲ್ಲ. ಎರಡು ನಕ್ಷತ್ರಗಳು ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಮೂರನೆಯದು, ಪ್ರಾಕ್ಸಿಮಾ, ಬಹಳ ದೂರದಲ್ಲಿ ತನ್ನ ಪಾಡಿಗೆ ತಾನು ಸುತ್ತುತ್ತಿದೆ. ಅದರ ಒಂದು ಸುತ್ತಿಗೆ ಐದು ಲಕ್ಷಕ್ಕೂ ಜಾಸ್ತಿ ವರ್ಷ ಬೇಕು.

ಈಗ ವಲ್ಕನ್‌ಗೆ ಬರುತ್ತೇನೆ.

ಸ್ಪಾಕ್‌ನ ಊರು ಯಾವ ನಕ್ಷತ್ರದ ಸುತ್ತ ಅಂತ ನಾವು ಮಾಳಿಗೆಯ ಮೇಲೆ ಎಷ್ಟು ಜಗಳವಾಡಿದ್ದೇವೆ. ದೂರದರ್ಶನದಲ್ಲಿ ಸೀರಿಯಲ್ ಮುಗಿದ ಮೇಲೂ ಆ ಜಗಳ ಮುಗಿಯಲಿಲ್ಲ. ಸ್ಟಾರ್ ಟ್ರೆಕ್ ಕಟ್ಟಿದ ಜೀನ್ ರಾಡನ್‌ಬರಿ 1991ರಲ್ಲಿ, ಹಾರ್ವರ್ಡ್-ಸ್ಮಿತ್ಸೋನಿಯನ್‌ನ ಮೂವರು ಖಗೋಳ ವಿಜ್ಞಾನಿಗಳ ಜೊತೆ ಸೇರಿ ಸ್ಕೈ ಅಂಡ್ ಟೆಲಿಸ್ಕೋಪ್ ಪತ್ರಿಕೆಗೆ ಒಂದು ಕಾಗದ ಬರೆದರು. ವಲ್ಕನ್ ಇರುವುದು 40 ಎರಿಡಾನಿ ಅನ್ನುವ ನಕ್ಷತ್ರದ ಸುತ್ತ ಅಂತ ಅದರಲ್ಲಿ ಹೇಳಿದರು. ಕಾರಣವನ್ನು ನೋಡು, ಎಷ್ಟು ಚಂದ. ಕೆಲವರು ಎಪ್ಸಿಲಾನ್ ಎರಿಡಾನಿ ಅನ್ನುತ್ತಿದ್ದರು. ಆದರೆ ಅದಕ್ಕೆ ಸುಮಾರು 100 ಕೋಟಿ ವರ್ಷ ಅಷ್ಟೇ. ಭೂಮಿಗೆ ಅಷ್ಟು ವಯಸ್ಸಾದಾಗ ಇಲ್ಲಿ ಬ್ಯಾಕ್ಟೀರಿಯಾದಂಥ ಜೀವಿ ಬಿಟ್ಟರೆ ಏನೂ ಇರಲಿಲ್ಲ. 40 ಎರಿಡಾನಿಗೆ ಅವರ ಲೆಕ್ಕದಲ್ಲಿ 400 ಕೋಟಿ ವರ್ಷ. ಸ್ಪಾಕ್‌ನಂಥವನು ಹುಟ್ಟಲು ಅಷ್ಟಾದರೂ ಕಾಲ ಬೇಕಲ್ವಾ?

2018ರಲ್ಲಿ ಅದೇ ನಕ್ಷತ್ರದ ಸುತ್ತ ಗ್ರಹ ಸಿಕ್ಕಿದೆ ಅಂತ ಸುದ್ದಿ ಬಂತು. ಭೂಮಿಗಿಂತ ಎಂಟು ಪಟ್ಟಿಗೂ ಜಾಸ್ತಿ ತೂಕ, 42 ದಿನಕ್ಕೊಂದು ಸುತ್ತು. ಆವತ್ತು ರಾತ್ರಿ ನಾನು ನಿನಗೆ ಫೋನ್ ಮಾಡಿದ್ದು ನೆನಪಿದೆಯಾ? ವೈನಿ ಎತ್ತಿ, ಯಾರಿಗೆ ಏನಾಯಿತೋ ಅಂತ ಹೆದರಿದ್ದರು.

2024ರಲ್ಲಿ ಅದು ಹೋಯಿತು. ಗ್ರಹವನ್ನು ಅವರು ಕಣ್ಣಿಂದ ಕಂಡಿರಲಿಲ್ಲ. ನಕ್ಷತ್ರ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ತೂಗುವುದನ್ನು, ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳಲ್ಲಿ ಅಳೆದಿದ್ದರು. ಅಮೆರಿಕದ ಕಿಟ್ ಪೀಕ್‌ನಲ್ಲಿರುವ ನೂಇಡ್ (NEID) ಅನ್ನುವ ಹೊಸ ಉಪಕರಣದಿಂದ ಮತ್ತೊಂದು ತಂಡ ಅದನ್ನೇ ಇನ್ನೂ ಸೂಕ್ಷ್ಮವಾಗಿ ನೋಡಿತು. ಗ್ರಹ ಎಳೆಯುತ್ತಿದ್ದರೆ ಎಲ್ಲ ಗೆರೆಗಳೂ ಒಂದೇ ಸಮ ಸರಿಯಬೇಕು. ಇಲ್ಲಿ ನಕ್ಷತ್ರದ ಬೇರೆ ಬೇರೆ ಆಳದಿಂದ ಬಂದ ಗೆರೆಗಳು ಬೇರೆ ಬೇರೆ ರೀತಿ ಸರಿದವು. ಆ ನಕ್ಷತ್ರ ತನ್ನ ಸುತ್ತ ತಾನು ತಿರುಗುವುದಕ್ಕೂ ಸುಮಾರು 42 ದಿನ ಬೇಕು. ಮೇಲ್ಮೈಯ ಕುದಿತ, ಕಲೆಗಳು ತಿರುಗಿ ಬರುತ್ತಿದ್ದವು, ಅಷ್ಟೇ. ಗ್ರಹವಲ್ಲ.

ಓದಿ ಮುಗಿಸಿದಾಗ ನನಗೆ ನಿಜಕ್ಕೂ ದುಃಖವಾಯಿತು. ಸೀರಿಯಲ್‌ನ ಗ್ರಹಕ್ಕೆ ಯಾರಾದರೂ ದುಃಖಪಡುತ್ತಾರಾ ಅಂತ ಮನೆಯಲ್ಲಿ ಕೇಳಿದರು. ಉತ್ತರ ಗೊತ್ತಾದದ್ದು ಖೋಡದ್‌ನಲ್ಲಿ.

ನಾರಾಯಣಗಾಂವ್ ಹತ್ತಿರದ ಖೋಡದ್, ಗೊತ್ತಲ್ಲ, ಜಿಎಂಆರ್‌ಟಿ ಅನ್ನುವ ರೇಡಿಯೋ ಟೆಲಿಸ್ಕೋಪ್ ಇರುವ ಜಾಗ. 45 ಮೀಟರ್ ಅಗಲದ 30 ರೇಡಿಯೋ ಡಿಶ್‌ಗಳು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಎಲ್ಲರಿಗೂ ಒಳಗೆ ಬಿಡುತ್ತಾರೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೊಲಗಳ ನಡುವೆ ತಂತಿ ಬಲೆಯ ಆ ದೊಡ್ಡ ಬಟ್ಟಲು ಮೆಲ್ಲಗೆ ತಿರುಗುವುದನ್ನು ನೋಡಿದರೆ ಯಾವ ಸೀರಿಯಲ್ಲೂ ಬೇಡ. 880 ಕೋಟಿ ವರ್ಷದ ಹಿಂದೆ ಒಂದು ಗೆಲಾಕ್ಸಿಯ ಹೈಡ್ರೋಜನ್‌ನಿಂದ ಹೊರಟ ಸಂಕೇತವನ್ನು ಹಿಡಿದದ್ದು ಈ ಡಿಶ್‌ಗಳೇ. ಆ ಕೆಲಸದಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯವರಿದ್ದರು.

ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ವಿವರಿಸುತ್ತಿದ್ದಳು. ನಾನು ಕೇಳಿದೆ, ಮತ್ತೆ ಕೇಳಿದೆ, ಹಿಂದಿದ್ದವರು ಕಾಯುತ್ತಿದ್ದರೂ ಕೇಳಿದೆ. ಅವಳು ಖುಷಿಯಿಂದ, "ತುಮ್ಹೀ ಯಾಚ್ ಕ್ಷೇತ್ರಾತ್ ಆಹಾತ್ ಕಾ?" ಅಂದಳು. ನೀವೂ ಇದೇ ಕ್ಷೇತ್ರದವರಾ ಅಂತ.

ಗುರ್ಯಾ, ನನಗೆ ಬಾಯಿ ಬರಲಿಲ್ಲ. ಇಲ್ಲ ಅನ್ನುವ ಒಂದು ಮಾತು ಹೇಳಲು ಆಗಲಿಲ್ಲ. ಮಗಳೇ ಹೇಳಿದಳು, "ನಾಹೀ, ಬಾಬಾ ಬ್ಯಾಂಕಿಂಗ್ ಸಾಫ್ಟ್‌ವೇರ್‌ಮಧ್ಯೆ ಆಹೇತ್." ಇಲ್ಲ, ಅಪ್ಪ ಬ್ಯಾಂಕಿಂಗ್ ಸಾಫ್ಟ್‌ವೇರ್‌ನಲ್ಲಿದ್ದಾರೆ ಅಂತ.

ಎಂಎಸ್‌ಸಿ ಆದ ಮೇಲೆ ಈ ಕ್ಷೇತ್ರಕ್ಕೇ, ಪುಣೆಗೇ ಬರುವುದು ಅಂತ ನಾವು ಮಾತಾಡಿದ್ದು ನಿನಗೊಬ್ಬನಿಗೇ ಗೊತ್ತು. ಅಪ್ಪ ನಿವೃತ್ತರಾದರು, ತಂಗಿಯ ಮದುವೆ ಇತ್ತು, ನೌಕರಿ ಬೇಕಿತ್ತು. ಅದು ಸರಿಯಾದ ನಿರ್ಧಾರವೇ. ಈಗ ಕೇಳಿದರೂ ಅದನ್ನೇ ಮಾಡುತ್ತೇನೆ. ಪುಣೆಗೇ ಬಂದೆ, ಬೇರೆ ಕೆಲಸಕ್ಕೆ. ದಿನಾ ಯೂನಿವರ್ಸಿಟಿ ಸರ್ಕಲ್ ದಾಟಿ ಹೋಗುತ್ತೇನೆ. ಯೂನಿವರ್ಸಿಟಿಯ ಒಳಗೆ ಆಯುಕಾ ಅನ್ನುವ ಖಗೋಳ ವಿಜ್ಞಾನ ಸಂಸ್ಥೆ ಇದೆ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಕಟ್ಟಿ ಬೆಳೆಸಿದ ಜಾಗ. ಕೊಲ್ಲಾಪುರದಲ್ಲಿ ಹುಟ್ಟಿದ ಆ ಮನುಷ್ಯ ವಿಜ್ಞಾನವನ್ನೂ ಮಾಡಿದರು, ವಿಜ್ಞಾನದ ಕಥೆಗಳನ್ನೂ ಬರೆದರು. 2025ರ ಮೇ 20ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಅವರನ್ನು ಒಮ್ಮೆಯೂ ಭೇಟಿಯಾದವನಲ್ಲ. ಇದನ್ನು ಮನೆಯಲ್ಲಿ ಕೂಡ ಹೇಳಿಲ್ಲ.

ಆ ಆಟ ನನಗೆ ಆಟವಾಗಿರಲೇ ಇಲ್ಲ ಅನ್ನಿಸುತ್ತದೆ. ದಿನದ ಕೆಲಸ ಮುಗಿಸಿ ಸೀರಿಯಲ್ ಹಾಕಿ, ಇದು ನಿಜ, ಇದು ಸುಳ್ಳು, ಇದರ ದೂರ ಇಷ್ಟು ಅಂತ ಹೇಳುವ ಆ ಒಂದು ಗಂಟೆ ನಾನು ಆ ಕ್ಷೇತ್ರದವನಾಗಿರುತ್ತಿದ್ದೆ. ವಲ್ಕನ್ ಹೋದಾಗ ನೋವಾದದ್ದು ಗ್ರಹಕ್ಕಾಗಿ ಮಾತ್ರ ಅಲ್ಲ. ಆ ಲೆಕ್ಕವನ್ನು ಮತ್ತೆ ಹಾಕಿ, ಆಸೆ ಪಟ್ಟದ್ದನ್ನು ಬದಿಗಿಟ್ಟು, ಇಲ್ಲ ಅಂತ ಹೇಳಿದವರ ಮೇಜಿನ ಹತ್ತಿರ ನಾನೂ ಇರಬೇಕಿತ್ತು ಅಂತ.

ಇಷ್ಟು ಬರೆಯುವ ಯೋಚನೆ ಇರಲಿಲ್ಲ. ಬರೆದಾಯಿತು, ಇರಲಿ. ಮಾಸ್ತರ ಛತ್ರಿಯ ಕಥೆಗಿಂತ ಇದು ಗಂಭೀರವಾಯಿತು ಅಂತ ನೀನು ಅನ್ನುವುದು ಕೇಳಿಸುತ್ತಿದೆ.

ಅಂದ ಹಾಗೆ, ಖೋಡದ್‌ನಿಂದ ವಾಪಸ್ ಬರುವಾಗ ಕತ್ತಲಿರುವ ಕಡೆ ಗಾಡಿ ನಿಲ್ಲಿಸಿ ಮಗಳಿಗೆ 40 ಎರಿಡಾನಿ ತೋರಿಸಿದೆ. ಮಹಾವ್ಯಾಧನ ಕಾಲಿನ ಹತ್ತಿರ ಹೊಳೆಯುವ ರೈಗಲ್ ಹಿಡಿ, ಅಲ್ಲಿಂದ ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ ಚಾಚಿದ ಕೈಯ ಒಂದೂವರೆ ಮುಷ್ಟಿ. ಬರಿಗಣ್ಣಿಗೇ ಸಿಗುತ್ತದೆ, ನಮ್ಮ ಮನೆಯಿಂದ ಮಾತ್ರ ಸಿಗುವುದಿಲ್ಲ. ಸಣ್ಣ ಟೆಲಿಸ್ಕೋಪ್ ಇದ್ದರೆ ಪಕ್ಕದ ಶ್ವೇತ ಕುಬ್ಜವೂ, ಅಂದರೆ ಸತ್ತ ನಕ್ಷತ್ರದ ಉಳಿದ ತಿರುಳೂ, ಕಾಣುತ್ತದೆ. "ಐತಿ," ಅಂದಳು ಮಗಳು. ಅವಳ ಐತಿ ಪಕ್ಕಾ ಧಾರವಾಡದ್ದು, ನೀನು ಕೇಳಬೇಕು.

ಇನ್ನು ನಿನಗೊಂದು ಕೆಲಸ. ಮೇ ಕೊನೆಯ ವಾರ, ರಾತ್ರಿ ಹನ್ನೊಂದರ ಹೊತ್ತಿಗೆ ಮಾಳಿಗೆ ಹತ್ತಿ ನೇರ ದಕ್ಷಿಣಕ್ಕೆ, ಕೆಳಗೆ ನೋಡು. ಆಲ್ಫಾ ಸೆಂಟಾರಿ. ನನಗಿಲ್ಲಿ ಹತ್ತು-ಹನ್ನೊಂದು ಡಿಗ್ರಿ ಎತ್ತರವಷ್ಟೇ, ನಡುವೆ ಕಾತ್ರಜ್ ಗುಡ್ಡ, ಊರಿನ ಬೆಳಕು. ಧಾರವಾಡದಲ್ಲಿ ನಿನಗೆ ಇನ್ನೂ ಮೂರು ಡಿಗ್ರಿ ಮೇಲೆ ಸಿಗುತ್ತದೆ. ಜೂನ್ ಬಂದರೆ ಮೋಡ, ಮುಂದೂಡಬೇಡ. ವೈನಿಯನ್ನೂ ಎಬ್ಬಿಸು. ಈ ಸಲ ಹೆದರುವ ಸುದ್ದಿ ಅಲ್ಲ ಅಂತ ಮೊದಲೇ ಹೇಳು.

ನಿನ್ನ,
ಸುಬ್ಬ್ಯಾ