ಶೂ ಹೊಸದಾಯಿತು, ಸರ್ವ್ ಹಳೆಯದೇ ಉಳಿಯಿತು

ಉಡುಪಿ
ಭಾನುವಾರ

ಚಿ. ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನೆ ರಾತ್ರಿ ಮಂಗಳೂರಿನಿಂದ ಫೋನ್ ಮಾಡಿ ಟೆನಿಸ್ ಪಂದ್ಯದ ಸೋಲಿನ ವರದಿ ಒಪ್ಪಿಸಿದೆಯಲ್ಲ, ಆಮೇಲೆ ನನಗೆ ಬೇಗ ನಿದ್ದೆ ಹತ್ತಲಿಲ್ಲ. ಸೋತದ್ದಕ್ಕಲ್ಲ. 6-2, 4-6, ಕೊನೆಗೆ ಮೂರನೆಯ ಸೆಟ್ಟಿನ ಬದಲು ಆಡುವ ಹತ್ತು ಪಾಯಿಂಟಿನ ಟೈಬ್ರೇಕಿನಲ್ಲಿ 7-10. ಕೆಲಸ ಮುಗಿಸಿ ವಾರಕ್ಕೆರಡು ಸಂಜೆ ಆಡುವವನಿಗೆ ಅದು ಅವಮಾನವೇನಲ್ಲ. ಆದರೆ ಅರ್ಧ ಗಂಟೆಯ ಮಾತಿನಲ್ಲಿ ಪಡುಗಾಳಿ ಬಂತು, ರ‍್ಯಾಕೆಟಿನ ಸಡಿಲ ತಂತಿ ಬಂತು, ಅರವತ್ತು ದಾಟಿದ ಎದುರಾಳಿಯ ಲಾಬ್ ಹತ್ತಾರು ಸಲ ಬಂತು, ‘ಬರೀ ಚೆಂಡು ಎತ್ತಿ ಹಾಕುವುದೂ ಒಂದು ಟೆನಿಸ್ಸೇ?’ ಎಂಬ ಟೀಕೆಯೂ ಬಂತು. ಎರಡೂ ಸರ್ವ್ ತಪ್ಪಿ ಪಾಯಿಂಟ್ ಬಿಟ್ಟುಕೊಟ್ಟ ನಿನ್ನ ಡಬಲ್ ಫಾಲ್ಟ್ ಮಾತ್ರ ಬರಲಿಲ್ಲ. ನಾನೇ ಕೇಳಿದ ಮೇಲೆ ‘ಮೂರೋ ನಾಲ್ಕೋ’ ಎಂದು ಗೊಣಗಿದೆ. ಅದೂ ಟೈಬ್ರೇಕಿನಲ್ಲಿ!

ಗಾಳಿ ಇದ್ದದ್ದು ನಿಜವಿರಬಹುದು. ಆದರೆ ಟೈಬ್ರೇಕಿನಲ್ಲಿ ಆರು ಪಾಯಿಂಟಿಗೊಮ್ಮೆ ಬದಿ ಬದಲಾಗುತ್ತದೆ. ಆ ಹಿರಿಯರಿಗೂ ಅದೇ ಗಾಳಿ ಎದುರಾಗಿ ಬೀಸಿದೆ. ಒಟ್ಟು ಗೇಮ್ ನಿನ್ನದೇ ಹೆಚ್ಚು, ಹತ್ತಕ್ಕೆ ಎಂಟು ಎಂದು ಲೆಕ್ಕ ಒಪ್ಪಿಸಿದೆ. 2019ರ ವಿಂಬಲ್ಡನ್ ಫೈನಲ್ಲಿನಲ್ಲಿ ಫೆಡರರ್ ಗಳಿಸಿದ್ದು 218 ಪಾಯಿಂಟ್, ಜೊಕೊವಿಚ್ 204. ಕಪ್ ಎತ್ತಿದ್ದು ಜೊಕೊವಿಚ್, ಏಕೆಂದರೆ ಸೆಟ್ ನಿರ್ಧರಿಸಿದ ಮೂರು ಟೈಬ್ರೇಕೂ ಅವರ ಪಾಲಾದವು. ಕೂಡಿಸುವ ಲೆಕ್ಕ ಈ ಆಟದಲ್ಲಿ ನಡೆಯುವುದಿಲ್ಲ ಮಾರಾಯ.

ಬುದ್ಧಿ ಹೇಳಲು ನನಗೇನು ಯೋಗ್ಯತೆ ಎಂದು ಕೇಳಬಹುದು. ಕೇಳು. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನೌಕರರ ಟೂರ್ನಿಯಲ್ಲಿ, ಮಣ್ಣಿನ ಕೋರ್ಟಿನಲ್ಲಿ, 5-4ರ ಮುನ್ನಡೆಯಲ್ಲಿ ನನ್ನದೇ ಸರ್ವ್. ಮೊದಲ ಸರ್ವ್ ನೆಟ್ಟಿಗೆ. ಎರಡನೆಯದಕ್ಕೆ ಚೆಂಡು ನೆಲಕ್ಕೆ ಕುಟ್ಟುತ್ತ ನಿಂತೆ. ಅಂಗೈ ಬೆವರಿ ಹಿಡಿ ಜಾರುತ್ತಿತ್ತು, ಕೆಮ್ಮಣ್ಣು ಹತ್ತಿದ ಚೆಂಡು ಬೆರಳಿಗೆ ಒರಟಾಗಿ ತಾಗುತ್ತಿತ್ತು. ಹೆದರಿಬಿಟ್ಟೆ. ಪ್ರಸಾದ ಕೊಡುವವರ ಹಾಗೆ ಮೆಲ್ಲನೆ ಚೆಂಡು ಒಪ್ಪಿಸಿದೆ, ಎದುರಿನವನು ಮೂಲೆಗೆ ಬಾರಿಸಿದ. ಆ ಗೇಮ್ ಹೋಯಿತು, ಪಂದ್ಯವೂ ಹೋಯಿತು. ಮರುದಿನ ಚಹಾದ ಹೊತ್ತಿಗೆ ಎಲ್ಲರಿಗೂ ಹೇಳಿದ್ದು, ‘ಶೂ ಜಾರಿತು.’ ಹೇಳಿ ಹೇಳಿ ನಾನೇ ನಂಬಿದೆ. ಮುಂದಿನ ಸಂಬಳದಲ್ಲಿ ಹೊಸ ಶೂ ತೆಗೆದುಕೊಂಡೆ, ಎರಡನೆಯ ಸರ್ವನ್ನು ಹತ್ತು ವರ್ಷ ಅಭ್ಯಾಸವೇ ಮಾಡಲಿಲ್ಲ. ಅದೇ ಬ್ಯಾಂಕಿನಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಮನೆಗೆ ಹೋಗದವನು ನಾನು! ನಿನ್ನ ಅತ್ತೆಗೂ ಇಂದಿನವರೆಗೆ ಶೂ ಕಥೆಯೇ ಗೊತ್ತಿರುವುದು.

ಆ ಹಿರಿಯರ ಲಾಬ್ ಬಗ್ಗೆ ಒಂದು ಮಾತು. ನಿನಗೆ ತಲೆಯ ಮೇಲಿನ ಚೆಂಡು ಹೊಡೆಯಲು ಬರುವುದಿಲ್ಲ ಎಂಬುದನ್ನು ಅವರು ಎರಡನೆಯ ಸೆಟ್ಟಿನಲ್ಲೇ ಕಂಡುಕೊಂಡರು. ನೀನು ಇನ್ನೂ ಕಂಡುಕೊಂಡಿಲ್ಲ.

ಮುಂದಿನ ಭಾನುವಾರ ಬಾ. ಟೈಬ್ರೇಕಿನ ಹದಿನೇಳು ಪಾಯಿಂಟುಗಳನ್ನು ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆದು ತಾ, ಯಾರ ಹೊಡೆತದಿಂದ ಮುಗಿಯಿತು ಎಂಬುದಷ್ಟೇ ಸಾಕು. ಅತ್ತೆ ನೀರುದೋಸೆ ಮಾಡುತ್ತಾಳಂತೆ. ಶೂ ವಿಷಯ ಅವಳ ಮುಂದೆ ಎತ್ತಬೇಡ, ನಾನೇ ಹೇಳುತ್ತೇನೆ.

ಇಂತಿ,
ನಿನ್ನ ಮಾವ