ಕಿಟಕಿಯ ಕೆಳಗಿನ ಕಾರು

ಹನುಮಂತನಗರ, ಬೆಂಗಳೂರು
ಭಾನುವಾರ

ಪ್ರೀತಿಯ ವಿದ್ಯಾ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಅಂತ ಮೂರು ಕಾರುಗಳ ರೇಟು, ಮೈಲೇಜು ಎಲ್ಲ ಸಾಲಾಗಿ ಬರೆದಿದ್ದೀಯ. ಅದನ್ನು ಒಂದು ಸಲ ಓದಿದೆ. ಕೊನೆಯ ಸಾಲನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಮಾವ, ಪುಟ್ಟಿಗೋಸ್ಕರ ಅಂತ ತಗೊಳ್ಳೋ ಕಾರಿನ ಹೊಗೆ ಅವಳ ಎದೆಗೇ ಹೋದ್ರೆ?"

ಫೋನ್ ಮಾಡೋಣ ಅಂತ ಎರಡು ಸಲ ಕೈಗೆ ತೆಗೆದುಕೊಂಡು ಇಟ್ಟುಬಿಟ್ಟೆ. ನನ್ನ ಬಾಯಲ್ಲಿ ಬರುವ ಮಾತಲ್ಲ ಇದು.

ಪುಟ್ಟಿಯ ವೀಜಿಂಗ್, ಉಸಿರಾಡುವಾಗ ಎದೆ ಸುಯ್ ಅನ್ನುವುದು, ಅದರ ಬಗ್ಗೆ ಅಕ್ಕ ದಿನಾ ಹೇಳುತ್ತಾಳೆ, ನಿನ್ನನ್ನು ಮತ್ತೆ ಕೇಳುವುದಿಲ್ಲ. ಅಜ್ಜಿಯ ಕೊನೆಯ ವರ್ಷಗಳನ್ನು ನೀನೇ ನೋಡಿದ್ದೀಯ. ಆದರೆ ನನ್ನ ಆ ಡೀಸೆಲ್ ಕಾರಿನ ಒಂದು ವಿಷಯ ನಿನಗೆ ಗೊತ್ತಿಲ್ಲ.

ನಾನು ಅದನ್ನು ತಗೊಂಡಿದ್ದು 2012ರ ಜೂನ್‌ನಲ್ಲಿ. ಹಿಂದಿನ ತಿಂಗಳಷ್ಟೇ ಪೆಟ್ರೋಲ್ ಒಂದೇ ಏಟಿಗೆ ಏಳು ರೂಪಾಯಿಗೂ ಜಾಸ್ತಿ ಏರಿತ್ತು. ಡೀಸೆಲ್ ದರ ಇನ್ನೂ ಸರ್ಕಾರದ ಕೈಯಲ್ಲೇ ಇತ್ತು. ಲೀಟರಿಗೆ ಮೂವತ್ತು ರೂಪಾಯಿಯ ಆಸುಪಾಸು ವ್ಯತ್ಯಾಸ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಾನೂ ಡೈರಿಯ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಐದು ವರ್ಷಕ್ಕೆ ಇಷ್ಟು ಉಳಿಯುತ್ತದೆ ಅಂತ ಅಡಿಗೆರೆ ಎಳೆದೆ. ಹೊಗೆಗೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ಸಾರಿತು. ಪೇಪರಿನಲ್ಲಿ ಓದಿದೆ. ಕಾರಿಗೆ ಪೂಜೆ ಮಾಡಿಸಿ ಆಗಿತ್ತು. ಪೇಪರ್ ಮಡಚಿಟ್ಟೆ.

ನಮ್ಮ ಕ್ರಾಸ್ ಎಷ್ಟು ಕಿರಿದು ನಿನಗೆ ಗೊತ್ತಲ್ಲ. ಕಾರು ನಿಲ್ಲುತ್ತಿದ್ದದ್ದು ಅಜ್ಜಿಯ ರೂಮಿನ ಕಿಟಕಿ ಕೆಳಗೆ. ಡೀಸೆಲ್ ಇಂಜಿನ್ ಬಿಸಿ ಆಗಲಿ ಅಂತ ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹಾಗೇ ಬಿಡುತ್ತಿದ್ದೆ. ಅಷ್ಟರಲ್ಲಿ ನಾನು ಶೂ ಹಾಕಿಕೊಂಡು, ಡಬ್ಬಿ ತೆಗೆದುಕೊಂಡು ಬರುತ್ತಿದ್ದೆ. ಅಜ್ಜಿ ಆ ಹೊತ್ತಿಗೆ ಕಿಟಕಿ ಹತ್ತಿರ ಕೂತು ಕಾಫಿ ಕುಡಿಯುತ್ತಿದ್ದಳು. ಒಂದು ದಿನವೂ ಏನೂ ಅನ್ನಲಿಲ್ಲ. ಲೋಟ ಕೆಳಗಿಟ್ಟು, ಎದ್ದು, ಕಿಟಕಿ ಹಾಕುತ್ತಿದ್ದಳು. ಏಳು ವರ್ಷ, ವಿದ್ಯಾ. ಏಳು ವರ್ಷ ಆ ಚಿಲಕದ ಸದ್ದು ಕೇಳಿದ್ದೇನೆ. ಒಂದು ದಿನವಾದರೂ ಯಾಕೆ ಅಂತ ಕೇಳಲಿಲ್ಲ.

ಅವಳ ಉಬ್ಬಸಕ್ಕೆ ನನ್ನ ಕಾರೇ ಕಾರಣ ಅಂತ ಹೇಳುವುದಕ್ಕೆ ಆಗುವುದಿಲ್ಲ. ಉಬ್ಬಸ ಮೊದಲೇ ಇತ್ತು. ಊರಿನ ಸೌದೆ ಒಲೆ ಮುಂದೆ ಅರ್ಧ ಆಯಸ್ಸು ಕಳೆದವಳು. ಆದರೂ ನಿನ್ನ ಆ ಸಾಲು ಓದಿದಾಗಿನಿಂದ ಚಿಲಕದ ಸದ್ದು ಕಿವಿಯಲ್ಲೇ ಇದೆ.

"ಹೆದರಬೇಡ, ನಿನ್ನ ಒಂದು ಕಾರಿನಿಂದ ಏನೂ ಆಗಲ್ಲ" ಅಂತ ಬರೆಯೋಣ ಅಂತಲೇ ಮೊದಲು ಕೂತೆ. ನಾಲ್ಕು ಸಾಲು ಬರೆದು ಹರಿದುಹಾಕಿದೆ. ನನಗೂ ಆಗ ಹಾಗೇ ಅನಿಸಿತ್ತು, ಅಲ್ವಾ?

ನೀನು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ಹೊಗೆ ಅಂದರೆ ಎರಡು ಥರ. ಒಂದು ಭೂಮಿ ಬಿಸಿ ಮಾಡುವುದು. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಡೀಸೆಲ್ ಆದರೆ ಸುಮಾರು 2.7 ಕೆಜಿ. ಡೀಸೆಲ್ ಕಾರು ಒಂದು ಲೀಟರಿಗೆ ಜಾಸ್ತಿ ದೂರ ಓಡುತ್ತದೆ, ನಿಜ. ಆದರೆ ಊರೊಳಗೆ ಪೆಟ್ರೋಲ್ ಕಾರು 12 ಕಿಲೋಮೀಟರ್, ಡೀಸೆಲ್ ಕಾರು 14 ಕಿಲೋಮೀಟರ್ ಕೊಡುತ್ತದೆ ಅಂತ ಹಿಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ ಆಗಿಬಿಡುತ್ತದೆ. ಇನ್ನೊಂದು ಥರದ ಹೊಗೆ ಎದೆಗೆ ಹೋಗುವುದು. ಸಣ್ಣ ಮಸಿ ಕಣ, ನೈಟ್ರೋಜನ್ ಆಕ್ಸೈಡುಗಳು. ನಿನ್ನ ಭಯ ಇದರದ್ದು. ಇದರಲ್ಲಿ ಡೀಸೆಲ್‌ಗೆ ಮೊದಲಿನಿಂದಲೂ ಕೆಟ್ಟ ಹೆಸರು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಅನ್ನುವ ಹೊಗೆ ನಿಯಮ ಬಂದ ಮೇಲಿನ ಡೀಸೆಲ್ ಕಾರು ನನ್ನ ಹಳೇ ಕಾರಿನ ಹಾಗಲ್ಲ. ಮಸಿ ಹಿಡಿಯುವ ಫಿಲ್ಟರ್ ಇದೆ. ಆದರೆ ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಸ್ಕೂಲು, ತರಕಾರಿ, ಡಾಕ್ಟರು ಅಂತ ಬನಶಂಕರಿಯೊಳಗೇ ಸುತ್ತುವ ಕಾರಿಗೆ ಆ ಓಟ ಎಲ್ಲಿ ಸಿಗುತ್ತದೆ? ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಗ್ಯಾರೇಜಿಗೆ ಅಲೆಯಬೇಕು. ಡೀಸೆಲ್ ಬೇಡ. ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವ ಕಾರು. ಸಿಗ್ನಲ್ಲಿನಲ್ಲಿ ಇಂಜಿನ್ ಆರುತ್ತದೆ, ನಿಧಾನಕ್ಕೆ ಹೋಗುವಾಗ ಮೋಟಾರಿನಲ್ಲೇ ಹೋಗುತ್ತದೆ, ಬ್ರೇಕ್ ಒತ್ತಿದಾಗ ಬ್ಯಾಟರಿ ಚಾರ್ಜ್ ಆಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತಿರುವಾಗ ಹೆಚ್ಚಿನ ಹೊತ್ತು ಹೊಗೆ ಉಗುಳುವುದಿಲ್ಲ. ನನಗೆ ಮನಸ್ಸಿಗೆ ಹಿಡಿಸಿದ್ದು ಅದು. ಆದರೆ 'ಮೈಲ್ಡ್' ಅಂತ ಇದ್ದರೆ ಅದು ಈ ಥರದ್ದಲ್ಲ, ಬರೀ ಮೋಟಾರಿನಲ್ಲಿ ಓಡುವುದಿಲ್ಲ. 'ಸ್ಟ್ರಾಂಗ್ ಹೈಬ್ರಿಡ್' ಅಂತ ಕೇಳು. ಬ್ಯಾಟರಿ ಹೋದರೆ ಏನು ಗತಿ ಅಂತ ಬರೆದಿದ್ದೀಯ. ನಮ್ಮ ಬಿಡದಿಯ ಟೊಯೊಟಾದವರು ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಬೇರೆಯವರದ್ದನ್ನು ನೀನೇ ಕೇಳಿ ಬರೆಸಿಕೋ.

ದುಡ್ಡಿನ ಲೆಕ್ಕವನ್ನೂ ಹಾಕಿದೆ. ಮತ್ತೆ ಅದೇ ಕೆಲಸ ಮಾಡುತ್ತಿದ್ದೇನಲ್ಲ ಅಂತ ಕೈ ಸ್ವಲ್ಪ ತಡೆಯಿತು. ನೀನು ಬರೆದ ಪ್ರಕಾರ ಪೆಟ್ರೋಲ್ ಕಾರಿಗಿಂತ ಹೈಬ್ರಿಡ್ ಎರಡೂವರೆ ಲಕ್ಷ ಜಾಸ್ತಿ. ವರ್ಷಕ್ಕೆ 10,000 ಕಿಲೋಮೀಟರ್, ಊರೊಳಗೆ ಲೀಟರಿಗೆ ಪೆಟ್ರೋಲ್ ಕಾರು ಮೇಲೆ ಹೇಳಿದ ಹಾಗೆ 12, ಹೈಬ್ರಿಡ್ 20 ಕೊಡುತ್ತದೆ, ಪೆಟ್ರೋಲ್ 103 ರೂಪಾಯಿ ಅಂತ ಇಟ್ಟುಕೊಂಡರೆ ವರ್ಷಕ್ಕೆ 34,000 ಉಳಿಯುತ್ತದೆ. ಏಳು ವರ್ಷದ ಮೇಲೆ ಹಾಕಿದ ದುಡ್ಡು ವಾಪಸ್. ಆದರೆ ನಿನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಆಗಸ್ಟಿನಿಂದ ಅಲ್ಲಿಗೆ ಹಳದಿ ಮೆಟ್ರೋ ಓಡುತ್ತಿದೆ. ಬನಶಂಕರಿಯಲ್ಲಿ ಹತ್ತಿದರೆ ಮುಂದಿನ ಸ್ಟಾಪೇ ಆರ್.ವಿ. ರಸ್ತೆ, ಅಲ್ಲಿ ಬದಲಾಯಿಸಿದರೆ ಆಯಿತು. ಹಾಗೆ ಹೋದರೆ ಕಾರು ವರ್ಷಕ್ಕೆ 5,000 ಕಿಲೋಮೀಟರ್ ಓಡಿದರೆ ಹೆಚ್ಚು. ಆಗ ಆ ದುಡ್ಡು ವಾಪಸ್ ಬರಲು ಹದಿನಾಲ್ಕೂವರೆ ವರ್ಷ ಬೇಕು. ಸುಮ್ನೆ ಚಿಕ್ಕ ಪೆಟ್ರೋಲ್ ಕಾರೇ ಸಾಕಾಗಬಹುದು. 10,000 ಓಡುವ ಹೈಬ್ರಿಡ್ಡಿಗಿಂತ 5,000 ಓಡುವ ಪೆಟ್ರೋಲ್ ಕಾರು ಕಡಿಮೆ ಪೆಟ್ರೋಲ್ ಸುಡುತ್ತದೆ, ಅದೂ ನಿಜ. ಆಫೀಸಿಗೆ ಹೇಗೆ ಹೋಗಬೇಕು ಅಂತ ನಾನು ಹೇಳುವುದು ಸರಿಯಲ್ಲವೇನೋ. ರಾತ್ರಿ ಎರಡು ಗಂಟೆಗೆ ಮಗುವನ್ನು ಎತ್ತಿಕೊಂಡು ಆಟೋಗೆ ಕೈ ಅಡ್ಡ ಹಿಡಿದು ನಿಂತವಳು ನೀನು. ಕಾರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ದುಡ್ಡು ಕಡಿಮೆ ಬಿದ್ದರೆ ಸಂಕೋಚ ಪಡಬೇಡ, ನನಗೆ ಹೇಳು.

ಮತ್ತೆ ಹೊಗೆಯ ಮಾತಿಗೇ ಬರುತ್ತೇನೆ, ಕ್ಷಮಿಸು. ಯಾವ ಕಾರಾದರೂ ಟ್ರಾಫಿಕ್ಕಿನಲ್ಲಿ ಮುಂದಿನ ಬಸ್ಸು ಲಾರಿಯ ಹೊಗೆ ಒಳಗೆ ಬಂದೇ ಬರುತ್ತದೆ. ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತು. ದೂರದ ದಾರಿಯಲ್ಲಿ ಮಧ್ಯೆ ಮಧ್ಯೆ ಆ ಬಟನ್ ಆಫ್ ಮಾಡು. ಎಸಿ ಫಿಲ್ಟರನ್ನು ಬದಲಾಯಿಸಲು ಸರ್ವೀಸಿನವರು ಹೇಳುವ ತನಕ ಕಾಯಬೇಡ. ಬೆಳಿಗ್ಗೆ ಇಂಜಿನ್ ಓಡಿಸಿಕೊಂಡು ನಿಲ್ಲುವುದು ಬೇಡವೇ ಬೇಡ, ಈಗಿನ ಇಂಜಿನ್ನಿಗೆ ಅರ್ಧ ನಿಮಿಷ ಸಾಕು. ನಾನು ಮಾಡುತ್ತಿದ್ದ ಹತ್ತು ನಿಮಿಷಕ್ಕೆ ಆಗಲೂ ಅರ್ಥ ಇರಲಿಲ್ಲ ಅಂತ ಆಮೇಲೆ ಮೆಕ್ಯಾನಿಕ್ ಒಬ್ಬ ಹೇಳಿದ. ಅವತ್ತು ಮನೆಗೆ ಬಂದು ಅಜ್ಜಿಗೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಿಮಗೆ ಕೊಟ್ಟಿರುವ ಪಾರ್ಕಿಂಗ್ ಎಲ್ಲಿ? ಪುಟ್ಟಿ ಮಲಗುವ ರೂಮಿನ ಕಿಟಕಿ ಯಾವ ಕಡೆಗಿದೆ? ಶೋರೂಮಿಗೆ ಹೋಗುವ ಮೊದಲು ಅದನ್ನು ನೋಡಿ ನನಗೆ ಬರೆ.

ನಿನ್ನ
ಮಾವ